ಹೊಟ್ಟೆಯ ಹುಣ್ಣು, ಅಪ್ಪನ ರೋಜಾ

ನನ್ನ ಅಪ್ಪ ಗಾದಿ ಹೊಲಿಯುವವನು. ಮುಂಬೈಯ ಘಾಟ್ಕೋಪರಿನ ಗುಡ್ಡದ ಮೇಲಿನ ಚಾಳಿನಲ್ಲಿ ನಮ್ಮದು ಒಂದೇ ಖೋಲಿ. ಅದರಲ್ಲಿ ಅರ್ಧ ಹತ್ತಿಗೆ, ಅರ್ಧ ನಮಗೆ. ಬಿಜಾಪುರದ ಕಡೆಯ ಪಿಂಜಾರರು ನಾವು. ನಮಾಜು ಅರಬ್ಬಿಯಲ್ಲಿ, ಬೀದಿಯಲ್ಲಿ ಹಿಂದಿ, ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ಅಬ್ಬಾ ಎನ್ನದೆ ಅಪ್ಪ ಎಂದೇ ಕರೆದು ಬೆಳೆದವರು. ಚಾಳಿನ ಉಳಿದ ಮುಸಲ್ಮಾನ ಮಕ್ಕಳು ಅದಕ್ಕೂ ನಗುತ್ತಿದ್ದರು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹತ್ತಿಯ ಧೂಳಿನಲ್ಲಿ ಕೂತು, ನಲ್ಲಿಯ ಹತ್ತಿರದ ಜಗಳ ಕೇಳುತ್ತ ಓದಿ, ಫಾರ್ಮಸಿಯಲ್ಲಿ ಪದವಿ ಪಡೆದೆ. ಎಂಬತ್ತರ ದಶಕದ ನಡುವೆ ಮಲಾಡಿನ ಒಂದು ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ತಯಾರಾದ ಗುಳಿಗೆಗಳನ್ನು ಮೈಯಷ್ಟೇ ಬೆಚ್ಚಗಿನ ನೀರಿನಲ್ಲಿ ಮೇಲೆ ಕೆಳಗೆ ಆಡಿಸಿ, ಎಷ್ಟು ಹೊತ್ತಿಗೆ ಒಡೆದು ಕರಗುತ್ತವೆ ಎಂದು ನೋಡುವುದು ಅಲ್ಲಿ ನನ್ನ ಕೆಲಸ. ಅಪ್ಪನ ಅಕ್ಕ, ನಮ್ಮ ಸೋದರತ್ತೆ, ಮನೆಗೆ ಬಂದಾಗಲೆಲ್ಲ ಕುಟುಕುವಳು: “ಡಾಕ್ಟರೂ ಅಲ್ಲ, ಔಷಧದ ಅಂಗಡೀನೂ ಇಲ್ಲ. ಗುಳಿಗಿ ನೀರಾಗ ಕರಗೋದು ನೋಡಾಕ ಇಷ್ಟು ವರ್ಷ ಓದಿದೇನ?”

ಅಪ್ಪ ಸೂಜಿಯಿಂದ ಕಣ್ಣೆತ್ತದೆ ಹೇಳುವನು: “ಅಕ್ಕಾ, ಬಾಯಿ ಮುಚ್ಚಿಸೋ ಗುಳಿಗಿ ತಯಾರಾದ ದಿನ ಮೊದಲ ನಿನಗs ತಂದ್ಕೊಡ್ತಾಳ ತಗೋ.”

ಆ ಸೂಜಿ ಹಿಡಿದವನಿಗೆ ವರ್ಷಗಳಿಂದ ಹೊಟ್ಟೆ ಉರಿ. “ನನ್ನ ತಮ್ಮಗ ಯಾರ ಮ್ಯಾಲ ಇಷ್ಟು ಹೊಟ್ಟಿ ಉರಿಯೋ” ಎಂದು ಅತ್ತೆ ಅದನ್ನೂ ನಗೆ ಮಾಡುವಳು. ಬೇರೆಯವರು ತಂಬಾಕು ಹಾಕಿದ ಹಾಗೆ ಅಪ್ಪ ಆಮ್ಲ ತಗ್ಗಿಸುವ ಗುಳಿಗೆಗಳನ್ನು ದಿನವಿಡೀ ಅಗಿಯುತ್ತಿದ್ದ. ಅದಕ್ಕೂ ಬಗ್ಗದಿದ್ದರೆ ಬಿಳಿ ಔಷಧದ ಬಾಟಲಿಯನ್ನು ನೇರ ಬಾಯಿಗೇ ಎತ್ತುವನು. ಅದಕ್ಕೆ ಅವನಿಟ್ಟ ಹೆಸರು ಸುಣ್ಣದ ನೀರು. ರಂಜಾನ್ ತಿಂಗಳಲ್ಲಿ ಮಾತ್ರ ಹಗಲು ಗುಳಿಗೆಯೂ ಇಲ್ಲ, ಸುಣ್ಣದ ನೀರೂ ಇಲ್ಲ. ಬೆಳಗಿನಿಂದ ಸಂಜೆವರೆಗೆ ಉರಿಯನ್ನು ನುಂಗಿಕೊಂಡು ಹತ್ತಿ ಬಡಿಯುತ್ತಿದ್ದ. ಹುಡುಗನಾಗಿದ್ದಾಗಿನಿಂದ ರೋಜಾದ ಉಪವಾಸ ಒಂದನ್ನೂ ತಪ್ಪಿಸಿದವನಲ್ಲ.

ನಾನು ಕೆಲಸಕ್ಕೆ ಸೇರಿದ ಮೇಲೆ, ಇನ್ನೇನು ರಂಜಾನ್ ಹತ್ತಿರ ಬಂತು ಎನ್ನುವಾಗ, ಒಂದು ಮಧ್ಯಾಹ್ನ ಅಪ್ಪ ಹೊಸ ಹತ್ತಿಯ ರಾಶಿಯ ಮೇಲೆಯೇ ವಾಂತಿ ಮಾಡಿಕೊಂಡ. ಬಿಳಿ ಹತ್ತಿಯ ಮೇಲೆ ಕಾಫಿಯ ಗಸಿ ಚೆಲ್ಲಿದಂತಿತ್ತು. ಅದು ಹೊಟ್ಟೆಯೊಳಗೆ ಹಳತಾದ ರಕ್ತ. ನನಗೆ ನೋಡಿದ ಕೂಡಲೇ ಗೊತ್ತಾಯಿತು, ಅವ್ವನಿಗೆ ಹೇಳಲಿಲ್ಲ. ಟ್ಯಾಕ್ಸಿಯಲ್ಲಿ ಸಯನ್‌ನ ಆಸ್ಪತ್ರೆಗೆ ಒಯ್ದೆವು. ರಕ್ತ ಏರಿಸಿದರು, ಬಾಯಿಂದ ನಳಿಗೆ ಇಳಿಸಿ ನೋಡಿದರು. ಜಠರ ದಾಟಿದ ಕರುಳಿನ ಮೊದಲ ಭಾಗದಲ್ಲಿ ಹುಣ್ಣು. ಆಗ ಹೊಸದಾಗಿ ಬಂದಿದ್ದ ಗುಳಿಗೆ ಬರೆದರು. ಬಂದ ಆಮ್ಲವನ್ನು ತಗ್ಗಿಸುವುದಲ್ಲ, ಆಮ್ಲ ಹುಟ್ಟುವುದನ್ನೇ ಕಡಿಮೆ ಮಾಡುವ ಗುಳಿಗೆ. ದಿನಕ್ಕೆ ಎರಡೇ ಹೊತ್ತು. ಕೊನೆಗೆ ಡಾಕ್ಟರು, “ಉಪವಾಸ್ ಬಿಲ್‌ಕುಲ್ ನಹೀ” ಎಂದರು. ಅಪ್ಪ “ಜೀ ಸಾಬ್” ಎಂದ.

ಮನೆಗೆ ಬಂದ ಮೇಲೆ ಆ ‘ಜೀ’ ಎಷ್ಟರದು ಎಂದು ಗೊತ್ತಾಯಿತು. ಒಂದು ಭಾನುವಾರ ಮಸೀದಿಯಿಂದ ಬಂದವನು ನನ್ನೆದುರು ಕೂತ.

“ಮೌಲವಿ ಸಾಹೇಬರ್ನ ಕೇಳಿ ಬಂದೆ. ಬ್ಯಾನಿ ಇದ್ದವ ರೋಜಾ ಬಿಡಬಹುದಂತ. ಆದ್ರ ತಾನೇ ನೆಪ ತಗದು ಬಿಡಬಾರ್ದು, ತಿಳಿದವರು ಬ್ಯಾಡ ಅನ್ನಬೇಕಂತ.”

“ಡಾಕ್ಟರು ಬ್ಯಾಡ ಅಂದಾರಲ್ಲಪ್ಪಾ.”

“ಅವರು ಸಾಲಿನ್ಯಾಗ ನಿಂತವ್ರಿಗೆಲ್ಲಾ ಅದನ್ನs ಅಂದ್ರು. ನನ್ನ ಹೊಟ್ಟಿ ನೋಡ್ಯಾರ, ನನಗ ರೋಜಾ ಅಂದ್ರ ಏನಂತ ಅವರಿಗೇನು ಗೊತ್ತೈತಿ? ಎರಡೂ ತಿಳಿದಾಕಿ ನೀನೊಬ್ಬಾಕಿ. ನೀ ಹೇಳು.”

ಅವನು ಮೊದಲೇ ಎಲ್ಲ ಯೋಚಿಸಿಕೊಂಡು ಬಂದಿದ್ದ. “ಗುಳಿಗಿ ಎರಡೇ ಹೊತ್ತು. ಬೆಳಕು ಹರಿಯೂ ಮೊದಲು ಸಹರಿ ಊಟದಾಗ ಒಂದು, ಸಂಜೀಕ ರೋಜಾ ಬಿಡುಮುಂದ ಒಂದು. ಖಾಲಿ ಹೊಟ್ಟಿಲೆ ತಗೊಂಡ್ರೂ ನಡೀತೈತಿ ಅಂದಾರ. ರಂಜಾನಿನ್ಯಾಗ ನನ್ನ ಹೊಟ್ಟಿಯಷ್ಟು ಖಾಲಿ ಹೊಟ್ಟಿ ಇಡೀ ಮುಂಬೈದಾಗ ಎಲ್ಲಿ ಸಿಗತೈತಿ?”

ಒಲೆಯ ಮುಂದಿದ್ದ ಅವ್ವ ನಕ್ಕುಬಿಟ್ಟಳು, ಮರುಕ್ಷಣ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನ್ನ ಮುಖ ನೋಡಿದಳು. ಅಪ್ಪನ ಗುಳಿಗೆಯ ಲೆಕ್ಕ ತಪ್ಪಿರಲಿಲ್ಲ. ಹುಣ್ಣು ಮಾಗಿದ್ದರೆ ನಾನೇ ಹೂಂ ಎನ್ನುತ್ತಿದ್ದೆನೋ ಏನೋ. ಅದು ಮಾಗಿರಲಿಲ್ಲ, ಹಸಿಯಾಗಿತ್ತು. ಇನ್ನೊಮ್ಮೆ ಒಡೆದು ರಕ್ತ ಹರಿದರೆ ಟ್ಯಾಕ್ಸಿ ಗುಡ್ಡ ಇಳಿಯುವಷ್ಟು ಹೊತ್ತೂ ಸಿಗಲಿಕ್ಕಿಲ್ಲ.

“ಬ್ಯಾಡಪ್ಪಾ. ಈ ಸಲ ಬ್ಯಾಡ.”

ಯಾಕೆ ಎಂದು ಅವನು ಕೇಳಲಿಲ್ಲ. “ಆತು” ಎಂದು ಎದ್ದ.

ಪದವಿ ಬಂದ ದಿನ ಇಡೀ ಚಾಳಿಗೆ ಪೇಡೆ ಹಂಚಿದವನು ಅವನು. ಆ ಪದವಿ ಮನೆಯೊಳಗೆ ಬಂದು ಮಾಡಿದ ಮೊದಲ ಕೆಲಸ ಅವನ ರೋಜಾ ಬಿಡಿಸಿದ್ದು. ಆ ತಿಂಗಳು ಅಪ್ಪ ಬಾಗಿಲು ಮುಂದೆ ಮಾಡಿ, ಗೋಡೆಗೆ ಮುಖ ಮಾಡಿ ಕೂತು ಮಧ್ಯಾಹ್ನ ಉಣ್ಣುತ್ತಿದ್ದ. ರೋಜಾ ಹಿಡಿದ ಅವ್ವ ಅವನಿಗೆ ಮೆತ್ತನೆಯ ಅನ್ನ ಬಡಿಸುವಳು. ಬಿಟ್ಟ ರೋಜಾಕ್ಕೆ ಪ್ರತಿಯಾಗಿ ಒಬ್ಬ ಬಡವನಿಗೆ ಉಣ್ಣಿಸಬೇಕು ಎಂಬುದು ನಿಯಮ. ತಾನು ಉಂಡ ಮೇಲೆ ಡಬ್ಬಿ ಹಿಡಿದು ಗುಡ್ಡ ಇಳಿದು, ಸ್ಟೇಷನ್ ಹತ್ತಿರದ ಒಬ್ಬ ಮುದುಕನಿಗೆ ಕೊಟ್ಟು ಬರುವನು. ಹೋಗುವಾಗ ಬರುವಾಗ ಯಾರ ಜೊತೆಗೂ ಮಾತಿಲ್ಲ.

ಗುಳಿಗೆ ನುಂಗಿದಷ್ಟು ದಿನ ಹುಣ್ಣು ಮಾಗುವುದು, ಬಿಟ್ಟ ಕೆಲವು ತಿಂಗಳಿಗೆ ಮತ್ತೆ ಏಳುವುದು. ಹೀಗೇಕೆ ಎಂದು ನಮಗೆ ಯಾರೂ ಹೇಳಲಿಲ್ಲ. ಖಾರ ಅಂದರು, ಚಿಂತೆ ಅಂದರು. ಅವ್ವ ಖಾರ ನಿಲ್ಲಿಸಿದಳು. ಚಿಂತೆ ನಿಲ್ಲಿಸುವುದು ಯಾರ ಕೈಯಲ್ಲಿತ್ತು? ಮರುವರ್ಷ ಅಪ್ಪ ಮತ್ತೆ ಕೇಳಿದ, ನಾನು ಮತ್ತೆ ಬೇಡ ಎಂದೆ. ಅದರ ಮುಂದಿನ ವರ್ಷ ಅವನು ಕೇಳಲೇ ಇಲ್ಲ. ಚಂದ್ರ ಕಂಡ ಮರುದಿನ ಮಧ್ಯಾಹ್ನ ತಾನಾಗಿಯೇ ಬಾಗಿಲು ಮುಂದೆ ಮಾಡಿ ತಟ್ಟೆ ಹಾಕಿಕೊಂಡ. ಬೇಡ ಎನ್ನುವುದಕ್ಕಿಂತ, ಅವನು ಕೇಳದೇ ಹೋದದ್ದು ನನಗೆ ಭಾರವಾಯಿತು.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಲ್ಯಾಬಿಗೆ ಬರುತ್ತಿದ್ದ ಪತ್ರಿಕೆಗಳಲ್ಲಿ ಹೊಸ ಮಾತು ಓದಿದೆ. ಇಂಥ ಹುಣ್ಣಿನ ಬೇರು ಬಹಳ ಸಲ ಖಾರವೂ ಅಲ್ಲ, ಚಿಂತೆಯೂ ಅಲ್ಲ, ಜಠರದಲ್ಲಿ ಮನೆ ಮಾಡಿದ ಒಂದು ಸೂಕ್ಷ್ಮಜೀವಿ. ಅಪ್ಪನನ್ನು ಕರೆದುಕೊಂಡು ಅದೇ ಆಸ್ಪತ್ರೆಗೆ ಹೋದೆ. ಮತ್ತೆ ನಳಿಗೆ ಇಳಿಸಿದರು, ಒಳಗಿನಿಂದ ಸಾಸಿವೆಯಷ್ಟು ಚೂರು ತೆಗೆದು ಪರೀಕ್ಷೆ ಮಾಡಿದರು. ಜೀವಿ ಇತ್ತು. ಎರಡು ವಾರ ಮೂರು ಬಗೆಯ ಔಷಧ, ಹಿಡಿ ತುಂಬ ಗುಳಿಗೆ. ಬಾಯೆಲ್ಲ ತಾಮ್ರ ನೆಕ್ಕಿದ ರುಚಿ, ನಾಲಿಗೆ ಕಪ್ಪು, ಮಲವೂ ಕಪ್ಪು. ಮತ್ತೆ ರಕ್ತವೇ ಎಂದು ಅವ್ವ ಹೆದರಿ ಅತ್ತಳು. ಅದು ಗುಳಿಗೆಯ ಬಣ್ಣ, ರಕ್ತವಲ್ಲ ಎಂದು ಅವಳನ್ನು ನಂಬಿಸಲು ಸಾಕುಸಾಕಾಯಿತು. ಕೆಲವು ತಿಂಗಳ ಮೇಲೆ ಮತ್ತೆ ನೋಡಿದಾಗ ಹುಣ್ಣೂ ಇರಲಿಲ್ಲ, ಜೀವಿಯೂ ಇರಲಿಲ್ಲ. ರೋಜಾ ಹಿಡಿಯಬಹುದೇ ಎಂದು ಡಾಕ್ಟರನ್ನು ನಾನೇ ಕೇಳಿದೆ. ಅಡ್ಡಿಯಿಲ್ಲ ಎಂದರು.

ಮನೆಗೆ ಬಂದು ಹೇಳಿದೆ: “ಅಪ್ಪಾ, ಈ ವರ್ಷ ರೋಜಾ ಹಿಡಿಬಹುದು.”

ಅವನು ಹಿಗ್ಗುತ್ತಾನೆ ಎಂದುಕೊಂಡಿದ್ದೆ. ಸೂಜಿಯನ್ನು ಗಾದಿಗೆ ಚುಚ್ಚಿಟ್ಟು ಕೇಳಿದ: “ಯಾಕ?”

“ಯಾಕ ಅಂದ್ರ?”

“ನೀ ಬ್ಯಾಡ ಅಂದಾಗ ನಾ ಯಾಕ ಅಂತ ಕೇಳಲಿಲ್ಲ. ಬ್ಯಾಡ ಅಂದದ್ದರ ಭಾರ ನಿಂದು. ಹೂಂ ಅಂದ ಮ್ಯಾಲ ಹಿಡಿಯಾವ ನಾ, ಅದರ ಭಾರ ನಂದು. ತಿಳಿಸಿ ಹೇಳು.”

ಹತ್ತಿಯ ರಾಶಿಗೆ ಒರಗಿ ಕೂತು ನಾನು ಓದಿದ್ದನ್ನೆಲ್ಲ ಮನೆಯ ಕನ್ನಡದಲ್ಲಿ ಹೇಳಿದೆ. ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದಕ್ಕೆಲ್ಲ ಮಾತು ಹುಡುಕಬೇಕಾಯಿತು. ಅಪ್ಪ ನಡುವೆ ತಡೆದು, “ಆ ಹುಳ ಸತ್ತದ್ದು ಹ್ಯಾಂಗ ಗೊತ್ತಾತು?”, “ತಿರುಗಿ ಬರಂಗಿಲ್ಲೇನು?” ಎಂದು ಕೇಳುತ್ತಿದ್ದ. ಬರುವುದು ಕಡಿಮೆ, ಆದರೆ ಬರಲೇಬಾರದೆಂದೇನಿಲ್ಲ ಎಂದೆ. ಆ ಮಾತಿಗೇ ತಲೆಯಾಡಿಸಿದ. ಸುಳ್ಳು ಧೈರ್ಯ ಹೇಳಿದ್ದರೆ ಒಪ್ಪುತ್ತಿರಲಿಲ್ಲ.

ಮೊದಲ ರೋಜಾದ ದಿನ ನಾನು ರಜೆ ಹಾಕಿ ಮನೆಯಲ್ಲೇ ಉಳಿದೆ. ಅಪ್ಪ ಬೆಳಿಗ್ಗೆ ಸ್ವಲ್ಪ ಹೊಲಿದ. ಮಧ್ಯಾಹ್ನ ಕಳೆದ ಮೇಲೆ ಗೋಡೆಗೆ ಒರಗಿ, ಹೊಟ್ಟೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿಕೊಂಡ. ನಾನು ಅವನ ಹತ್ತಿರ ಸರಿದು ಕೂತೆ.

“ಅಪ್ಪಾ, ಉರಿಯಾಕ ಹತ್ತೈತೇನು?”

ಅವನು ಕಣ್ಣು ತೆರೆದ. ತನ್ನ ಹೊಟ್ಟೆಯನ್ನೇ ಕೇಳುವವನಂತೆ ಅದನ್ನು ಒಮ್ಮೆ ಒತ್ತಿ ನೋಡಿದ.

“ಉರಿ ಅಲ್ಲವ್ವಾ,” ಎಂದ. “ಹಸಿವು. ಬರೇ ಹಸಿವು.”