ಹನ್ನೊಂದು ಒಂದುಗಳು

ಹಳೆಯ ನಿಘಂಟಿನ ಧೂಳು ಕೊಡವುತ್ತಿದ್ದಾಗ ಒಳಗಿಂದ ಒಂದು ಹಾಳೆ ಜಾರಿ ಬಿತ್ತು. ಮುಗ್ಗಲು ವಾಸನೆ, ಹರಡಿಕೊಂಡ ನೀಲಿ ಶಾಯಿ, ಮೇಲಿಂದ ಕೆಳಗಿನವರೆಗೆ ಒಂದೇ ಭಾಗಾಕಾರ. ಎಂದೋ ಗುರುತಿಗೆಂದು ಇಟ್ಟಿದ್ದೆ. ಬರಹ ನಮ್ಮ ಗಣಿತದ ಟೀಚರ್ ಅವರದು...

ಎಪ್ಪತ್ತರ ದಶಕದ ಕೊನೆ. ನಾವಿಬ್ಬರೂ ದಾವಣಗೆರೆಯಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತಿ ಹರಿಹರದ ಹೆಣ್ಣುಮಕ್ಕಳ ಶಾಲೆಗೆ ಹೋಗುತ್ತಿದ್ದೆವು. ನಾನು ಕನ್ನಡ ಕಲಿಸುತ್ತಿದ್ದೆ, ಅವರು ಗಣಿತ. ಒಂದು ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅವರನ್ನು ಕೇಳಿದ್ದಳಂತೆ: "ಎರಡು ಸಲ ಒಂದು ಬರೆದ್ರೆ ಹನ್ನೊಂದು, ಅದು ಯಾವುದರಿಂದ್ಲೂ ಒಡೆಯಲ್ಲ. ಹನ್ನೊಂದು ಸಲ ಒಂದು ಸಾಲಾಗಿ ಬರೆದ್ರೆ ಅದೂ ಒಡೆಯಲ್ಲೇನ್ರಿ ಟೀಚರ್?"

ನಾಳೆ ಹೇಳುತ್ತೇನೆ ಎಂದರಂತೆ. ಆ ವಾರವೇ ಹುಡುಗಿಗೆ ಮದುವೆ ಗೊತ್ತಾಯಿತು, ಶಾಲೆ ಬಿಟ್ಟಳು. ಟೀಚರ್ ಮಾತ್ರ ಬಿಡಲಿಲ್ಲ. ಮೂರು, ಏಳು, ಹನ್ನೊಂದು... ಅವಿಭಾಜ್ಯ ಸಂಖ್ಯೆಗಳನ್ನು ಒಂದೊಂದಾಗಿ ಹಿಡಿದು ಭಾಗಿಸುತ್ತ ಹೋದರು. ಸಂಜೆಯ ರೈಲಿನಲ್ಲಿ, ದಿನವಿಡೀ ನಿಂತು ಬಾತ ಕಾಲನ್ನು ಎದುರು ಸೀಟಿಗೆ ಚಾಚಿ, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು. ಪ್ರತಿ ಸಲವೂ ಏನಾದರೊಂದು ಶೇಷ. ಆರು ವರ್ಷ ಹೀಗೇ.

"ಯಾಕ್ರಿ ಈ ಹಠ? ಆ ಹುಡುಗಿ ಮರೆತೇ ಬಿಟ್ಟಿರ್ತಾಳೆ" ಎಂದೆ.

"ಮರೀಲಿ ಬಿಡ್ರಿ. ಹೇಳ್ತೀನಿ ಅಂದವಳು ನಾನು."

ಒಂದು ಸಂಜೆ ರೈಲಿನಲ್ಲಿ ಕಾಲೇಜಿನ ಲೆಕ್ಚರರ್ ಒಬ್ಬರು ಆ ನೋಟ್‌ಬುಕ್ ನೋಡಿದರು. ಇಪ್ಪತ್ತೆರಡರಿಂದ ಭಾಗಿಸಿದಾಗ ಒಂದು ಉಳಿಯುವ ಅವಿಭಾಜ್ಯಗಳನ್ನಷ್ಟೇ ನೋಡಿದರೆ ಸಾಕು, ಮಿಕ್ಕ ಯಾವುದೂ ಇದನ್ನು ಭಾಗಿಸುವುದಿಲ್ಲ ಎಂದು ಸಲೀಸಾಗಿ ತೋರಿಸಿಕೊಟ್ಟರು. ಟೀಚರ್ ಅಷ್ಟರಲ್ಲಿ ಹದಿನಾಲ್ಕು ಸಾವಿರ ದಾಟಿದ್ದರು. ಹತ್ತರಲ್ಲಿ ಒಂಬತ್ತು ಪಾಲು ದುಡಿಮೆ ದಂಡ. "ಹೌದೇನ್ರಿ..." ಅಂದವರು ಊರು ಬರುವವರೆಗೂ ಕಿಟಕಿಯಾಚೆ ನೋಡುತ್ತ ಕುಳಿತರು.

ಹದಿನೈದು ದಿನ ನೋಟ್‌ಬುಕ್ ತೆರೆಯಲಿಲ್ಲ. ಆಮೇಲೆ ತೆರೆದರು. ತಿಂಗಳೊಳಗೆ ಶೇಷ ಸೊನ್ನೆ ಬಂತು. ಭಾಗಿಸಿದ ಸಂಖ್ಯೆ 21649. ಗೆದ್ದ ಮುಖವಾಗಿರಲಿಲ್ಲ ಅದು. "ಸಾಕಾತ್ರಿ" ಎಂದರು, ಅಷ್ಟೆ.

ಭಾನುವಾರ ನನ್ನನ್ನೂ ಕರೆದುಕೊಂಡು, ಆ ಹುಡುಗಿಯನ್ನು ಕೊಟ್ಟಿದ್ದ ಕೊಕ್ಕನೂರಿಗೆ ಹೋದರು. ಹುಡುಗಿ ಈಗ ಇಬ್ಬರು ಮಕ್ಕಳ ತಾಯಿ, ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಟೀಚರ್ ಅವಳ ಕೈಗೆ ಚೀಟಿ ಕೊಟ್ಟರು. ಎರಡೇ ಸಂಖ್ಯೆ: 21649, 513239. ಏನು, ಎತ್ತ ಎಂದು ಅವಳು ಕೇಳಲಿಲ್ಲ. ಮಗಳ ಬಳಪ ತಂದು ಕಟ್ಟೆಯ ಮೇಲೆ ಗುಣಿಸತೊಡಗಿದಳು. ನಡುವೆ ಎರಡು ಸಲ ತಪ್ಪಿತು, ಸೆರಗಿನಿಂದ ಒರೆಸಿ ಮತ್ತೆ ಬರೆದಳು. ಕೊನೆಯ ಸಾಲಿನಲ್ಲಿ ಒಂದು, ಒಂದು, ಒಂದು... ಹನ್ನೊಂದನೆಯದೂ ಬಂತು.

"ಒಡೀತಲ್ರಿ" ಎಂದಳು. ಬಳಪ ಕೆಳಗಿಟ್ಟು, "ನಾನೂ ನೂರರ ತನಕ ಭಾಗಿಸಿ ನೋಡಿದ್ದೆ ಟೀಚರ್. ಆಮೇಲೆ ಕೈಲಿ ಆಗ್ಲಿಲ್ಲ."

ಟೀಚರ್ ಅವಳ ತಲೆಯ ಮೇಲೆ ಕೈಯಿಟ್ಟರು.

ಅವರು ತೀರಿಕೊಂಡು ಬಹಳ ವರ್ಷಗಳಾದವು. ಆರು ವರ್ಷ ಅವರ ಪಕ್ಕದಲ್ಲೇ ಕುಳಿತು, ದಣಿವೆಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ನನಗೂ ಒಂದು ಸಂಖ್ಯೆ ಕೊಡ್ರಿ, ನಾನೂ ನೋಡ್ತೀನಿ ಎಂದು ಒಂದು ದಿನವೂ ಕೇಳಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ...