ಒಂಬತ್ತನೇ ನಂಬರಿನ ಜೆರ್ಸಿ ಮತ್ತು ನಮ್ಮ ವೀರಭದ್ರ ಸರ್

ಇಲ್ಲ... ನನಗಿನ್ನೂ ನಂಬಿಕೆ ಬರುತ್ತಿಲ್ಲ.
ನಿನ್ನೆ ಸಂಜೆ ತಾನೇ ಫೋನಿನಲ್ಲಿ ಸರ್ ಹತ್ತಿರ ಬೈಸಿಕೊಂಡಿದ್ದೇನೆ.
"ಶನಿವಾರ ಪಟಾನ್‌ಚೆರುನ್ಯಾಗ ಸ್ಕೂಲ್ ಮ್ಯಾಚ್ ಐತಿ. ಹೋದಸಲದಂಗ ಹಾಫ್ ಟೈಮ್ ಆದಮ್ಯಾಲೆ ಬಂದ್ಯೋ, ನೋಡ್ ಮತ್ತ!"
ಇವತ್ತು ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು ಕುರ್ಚಿಯಲ್ಲಿ ಕುಳಿತವರು ಮತ್ತೆ ಏಳಲಿಲ್ಲವಂತೆ.
ಹಾರ್ಟ್ ಅಟ್ಯಾಕ್...

ಗೊತ್ತಿಲ್ಲದ ಫ್ರೆಂಡ್ಸ್‌ಗೆ ಹೇಳುತ್ತೇನೆ.
ವೀರಭದ್ರ ಸರ್ ಹೈದರಾಬಾದಿನ ನಮ್ಮ ಜೂನಿಯರ್ ಕಾಲೇಜಿನ ಫಿಸಿಕಲ್ ಡೈರೆಕ್ಟರ್. ಹುಮನಾಬಾದ್ ಕಡೆಯವರು. ನಾನು ಹನ್ನೊಂದು ವರ್ಷದಿಂದ ಅವರ ಅಸಿಸ್ಟೆಂಟ್ ಕೋಚ್.
ಟೆಂತ್ ಓದುವ ಹುಡುಗಿಯರ ಫುಟ್‌ಬಾಲ್ ನೋಡಿ, ಚೆನ್ನಾಗಿ ಆಡುವವರನ್ನು ಇಂಟರ್‌ಗೆ, ಅಂದರೆ ಪಿಯುಸಿಗೆ, ನಮ್ಮ ಕಾಲೇಜಿಗೆ ಕರೆತರುವುದು ನಮ್ಮ ಕೆಲಸ. ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು ಸಿಕ್ಕರೆ ಫೀಸ್ ಇಲ್ಲ, ಹಾಸ್ಟೆಲ್ ಸಿಗುತ್ತದೆ.
ಎಷ್ಟೋ ಹುಡುಗಿಯರ ಓದು ಆ ಒಂದು ಸೀಟಿನ ಮೇಲೆ ನಿಂತಿರುತ್ತದೆ.

ಅವರು ಆಟ ನೋಡುವ ರೀತಿಯೇ ಒಂದು ಸೋಜಿಗ...
ನಾನು ಚೆಂಡಿನ ಹಿಂದೆ ಕಣ್ಣು ಓಡಿಸುತ್ತಿದ್ದರೆ ಅವರು ಗೋಲ್ ಪೋಸ್ಟ್ ಹಿಂದಿನ ಕಟ್ಟೆಯ ಮೇಲೆ ಕುಳಿತು ಬೇರೆಲ್ಲೋ ನೋಡುತ್ತಿರುತ್ತಿದ್ದರು. ಒಮ್ಮೆ ಕೇಳಿಯೇ ಬಿಟ್ಟೆ.
"ಗೋಲ್ ಹೊಡದಾಕಿನ್ನ ಎಲ್ಲಾರೂ ನೋಡ್ತಾರ. ಗೋಲ್ ತಿಂದಮ್ಯಾಲೆ ನೆಟ್‌ನ್ಯಾಗಿಂದ ಬಾಲ್ ತರಾಕ ಯಾರು ಓಡ್ತಾರ, ಅಕಿನ್ನ ನೋಡು" ಅಂದರು.
ಹಾಗೆ ಆರಿಸಿ ತಂದವರಲ್ಲಿ ಒಬ್ಬಳೂ ಓದು ಅರ್ಧಕ್ಕೆ ಬಿಡಲಿಲ್ಲ. ಒಬ್ಬಳೂ!
ಅದು ಹೇಗೆ ತಿಳಿಯುತ್ತಿತ್ತು ಇವರಿಗೆ? ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಸರ್...
ಇಷ್ಟು ದಿನ ನಾನು ಬಾಯಿ ಬಿಡದ ಮಾತೊಂದಿದೆ. ನಿಮಗೊಬ್ಬರಿಗೇ ಗೊತ್ತಿತ್ತು. ಇವತ್ತು ಎಲ್ಲರ ಮುಂದೆ ಹೇಳಿಬಿಡುತ್ತೇನೆ.
ಮೂರು ವರ್ಷದ ಹಿಂದೆ ನಿಮಗೆ ಜ್ವರ ಬಂದು ಪಟಾನ್‌ಚೆರುವಿನ ಒಂದು ಸ್ಕೂಲಿನ ಮ್ಯಾಚಿಗೆ ನನ್ನೊಬ್ಬನನ್ನೇ ಕಳಿಸಿದಿರಿ. ಸೆಕೆಂಡ್ ಹಾಫ್‌ನಲ್ಲಿ ಒಂಬತ್ತನೇ ನಂಬರಿನ ಹುಡುಗಿ ಮೂರು ಗೋಲು ಹೊಡೆದಳು. ನಾನು ಕುಣಿದಾಡಿಬಿಟ್ಟೆ. ಟೀಮ್ ಲಿಸ್ಟ್‌ನಲ್ಲಿ ಒಂಬತ್ತರ ಎದುರಿಗಿದ್ದ ಹೆಸರು ಬರೆದುಕೊಂಡು ಬಂದೆ... ರೇಣುಕಾ. ಸೀಟಿದೆ, ಟ್ರಯಲ್ಸ್‌ಗೆ ಬಾ ಅಂತ ನಿಮ್ಮ ಸಹಿ ಬಿದ್ದು ಅವಳಿಗೆ ಪತ್ರವೂ ಹೋಯಿತು.

ಆ ಸ್ಕೂಲಿನಲ್ಲಿ ಇದ್ದದ್ದು ಹನ್ನೊಂದೇ ಜೆರ್ಸಿ.
ಹೊರಗೆ ಬಂದವಳು ಟೀ-ಶರ್ಟ್ ಮೇಲಿನ ಜೆರ್ಸಿ ಕಳಚಿ ಕೊಡುತ್ತಾಳೆ, ಒಳಗೆ ಹೋಗುವವಳು ಅದನ್ನೇ ಹಾಕಿಕೊಳ್ಳುತ್ತಾಳೆ. ಈ ಕಡೆಯ ಸ್ಕೂಲುಗಳಲ್ಲಿ ಇದು ಮಾಮೂಲು. ಇಷ್ಟು ವರ್ಷ ಮೈದಾನ ಸುತ್ತಿದ ನನಗೆ ಹೊಳೆಯಬೇಕಿತ್ತು.
ಆದರೆ ಜೆರ್ಸಿ ಬದಲಾಗುವಾಗ ನಾನೆಂಬ ಈ ಮಹಾಶಯ ಚಹಾ ಕುಡಿಯಲು ಹೋಗಿದ್ದ...

ಟ್ರಯಲ್ಸ್ ದಿನ ರೇಣುಕಾ ಅಪ್ಪನ ಜೊತೆ ಬಂದಳು. ಹಣಮಂತಪ್ಪ, ಯಾದಗಿರಿ ಕಡೆಯಿಂದ ಬಂದು ಪಟಾನ್‌ಚೆರುವಿನಲ್ಲಿ ಗೌಂಡಿ ಕೆಲಸ ಮಾಡುವವರು. ಅವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಕೈಯಲ್ಲಿ ನಮ್ಮ ಪತ್ರ.
ನೀವು ಹತ್ತು ನಿಮಿಷ ಅವಳ ಆಟ ನೋಡಿ, ಹತ್ತಿರ ಕರೆದು ಕೇಳಿದಿರಿ.
"ಯವ್ವಾ, ಆ ಮೂರು ಗೋಲ್ ನೀನ ಹೊಡದಿ ಏನು?"
ಹ್ಞೂಂ ಅಂದಿದ್ದರೆ ಸೀಟು ಅವಳದ್ದೇ. ಪತ್ರದಲ್ಲಿ ಹೆಸರಿತ್ತಲ್ಲ!
"ಇಲ್ರೀ ಸರ್... ನನ್ನ ಕಾಲು ಉಳುಕಿತ್ರಿ. ಸೆಕೆಂಡ್ ಹಾಫ್ ಶಿರೀಷಾ ಆಡಿದ್ಲು. ಪತ್ರ ನೋಡಿ ಅಪ್ಪ ಭಾಳ ಖುಷಿ ಆದ... ಹೇಳಾಕ ಬಾಯಿ ಬರ್ಲಿಲ್ರಿ."

ಉಳಿದಿದ್ದದ್ದು ಒಂದೇ ಸೀಟು.
ಹಣಮಂತಪ್ಪ ಪತ್ರ ಮಡಚುತ್ತ ತಲೆ ತಗ್ಗಿಸಿ ನಿಂತರು. ನಾನು ಟ್ರಯಲ್ಸ್‌ಗೆ ಇಟ್ಟಿದ್ದ ಕೋನ್ ಎತ್ತಿಡುವ ನೆಪ ಮಾಡಿ ದೂರ ಸರಿದೆ.
ನೀವು ಅವರ ಎರಡೂ ಕೈ ಹಿಡಿದುಕೊಂಡಿರಿ.
"ಅಣ್ಣಾರ, ತಪ್ಪು ನಂದರಿ. ಹೆಸರು ನಾನ ತಪ್ಪು ಬರದೀನಿ. ನಿಮ್ಮ ಮಗಳದು ಏನೂ ತಪ್ಪಿಲ್ರಿ."
ನಾನಿದ್ದ ಕಡೆ ತಿರುಗಿಯೂ ನೋಡಲಿಲ್ಲ ನೀವು...

ಶಿರೀಷಾಳನ್ನು ಮರುದಿನವೇ ಹೋಗಿ ಕರೆತಂದಿರಿ. ಅದು ನ್ಯಾಯ.
ಆದರೆ ರೇಣುಕಾಳಿಗಾಗಿ ನೀವು ಮಾಡಿದ್ದು ನೋಡಿ ನಾನು ದಂಗಾಗಿ ಹೋದೆ.
ಇಪ್ಪತ್ತು ವರ್ಷದಿಂದ ಒಳ್ಳೆಯ ಆಟಗಾರ್ತಿಯರಿಗಾಗಿ ನಿಮ್ಮ ಜೊತೆ ಕಿತ್ತಾಡುತ್ತಿದ್ದ ಇನ್ನೊಂದು ಕಾಲೇಜಿನ ಕೋಚ್. ಅವರೂ ನಮ್ಮ ಕಡೆಯವರೇ. ಮದುವೆ ಮನೆಯಲ್ಲಿ ಎದುರಾದರೂ ಮುಖ ತಿರುಗಿಸುತ್ತಿದ್ದಿರಿ ಇಬ್ಬರೂ. ಅವರಿಗೆ ಅವತ್ತೇ ಟ್ರಯಲ್ಸ್ ಮೈದಾನದಲ್ಲೇ ನಿಂತು ಫೋನ್ ಮಾಡಿದಿರಿ!
"ಒಬ್ಬಾಕಿನ್ನ ಕಳಸಾಕತ್ತೀನಿ. ಡಿಫೆನ್ಸ್‌ಗೆ ಹಾಕು. ಬಾಲ್ ಕಳಕೊಂಡ್ರ ನಿಲ್ಲೂದಿಲ್ಲ, ತಿರುಗಿ ಓಡಿ ಬರ್ತಾಳ. ನಿನ್ನ ಹತ್ರ ಸೀಟ್ ಐತಲ್ಲ... ಬ್ಯಾಡ ಅನಬ್ಯಾಡಪಾ."
ನಿಮ್ಮ ಬಾಯಿಂದ 'ಬ್ಯಾಡ ಅನಬ್ಯಾಡಪಾ' ಅನ್ನುವ ಮಾತು ನಾನು ಕೇಳಿದ್ದು ಅದೊಂದೇ ಸಲ.

ಮರುವರ್ಷ ಕಾಲೇಜುಗಳ ಫೈನಲ್‌ನಲ್ಲಿ ಅವರ ಟೀಮಿಗೆ ಆಡಿದ ಅದೇ ರೇಣುಕಾ ನಮ್ಮ ಶಿರೀಷಾಳನ್ನು ಒಂದೇ ಒಂದು ಸಲವೂ ದಾಟಲು ಬಿಡಲಿಲ್ಲ. ಸೋತೆವು. ನಾನು ಸಿಟ್ಟಿಗೆ ವಿಷಲ್ ಬೀಸಿ ಒಗೆದೆ.
ನೀವು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಿರಿ... ಅವರ ಟೀಮಿಗೆ!
ಎಂಥ ಮನುಷ್ಯ ಸರ್ ನೀವು...

ಇವತ್ತು ನಿಮ್ಮ ಮನೆಗೆ ಹಣಮಂತಪ್ಪ ಕೆಲಸ ಬಿಟ್ಟು ಬಂದಿದ್ದರು. ಕಾಲಿನ ಮೇಲೆ ಸಿಮೆಂಟು ಹಾಗೇ ಇತ್ತು. ನನ್ನ ಕೈ ಹಿಡಿದು ಅಂದರು:
"ತಪ್ಪು ಮಾಡಿದ್ರೂ ನನ್ನಂಥ ಗೌಂಡಿ ಮುಂದ ನಿಂತು ಒಪ್ಕೊಂಡ್ರಲ್ರಿ... ಅಂಥಾ ಮನಷ್ಯಾ ಎಲ್ಲಿ ಸಿಗ್ತಾನ್ರಿ?"
ಆಗಲೂ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ ಸರ್. ಸುಮ್ಮನೆ ತಲೆ ಆಡಿಸಿದೆ. ಮನೆಗೆ ಬಂದು ನಾಚಿಕೆಯಿಂದ ಅತ್ತೆ.

ರೇಣುಕಾ, ಈಗ ನೀನು ಡಿಗ್ರಿ ಓದುತ್ತಿದ್ದೀಯ, ಈ ಪೋಸ್ಟ್ ನೋಡೇ ನೋಡುತ್ತೀಯ.
ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳವ್ವ.
ಆ ಹೆಸರು ತಪ್ಪು ಬರೆದವನು ನಾನು.
ವೀರಭದ್ರ ಸರ್ ಏನೂ ತಪ್ಪು ಮಾಡಿರಲಿಲ್ಲ.

ಹೋಗಿ ಬನ್ನಿ ಸರ್... ನಿಮ್ಮ ಜೀವಕ್ಕೆ ತಂಪಾದ ನೆಮ್ಮದಿ ಸಿಗಲಿ 🙏