ಕೊನೆಗೆ ಉಳಿಸಿಕೊಂಡ ಓಣಿ

ಮೋರಖಂಡಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ಮಂಗಳವಾರ, ೧೯೭೬ರ ಜೂನ್ ೧೫ರಂದು, ನಾನು ಬಾಡಿಗೆಗಿದ್ದ ಮನೆಯ ಮಾಲಕಿ ಗುರಮ್ಮ ನನ್ನನ್ನು ಬಾಗಿಲಲ್ಲೇ ತಡೆದು, ಸಮವಸ್ತ್ರದ ಸಮೇತ, ತಲೆಯ ಮೇಲೆ ಒಂದು ಕೊಡ ನೀರು ಸುರಿದರು. ನಾನು ಹರಿಜನರ ಓಣಿಗೆ ಹೋಗಿ ಬಂದಿದ್ದೆ.

"ನಿನಗ ಬೈಯಾಕತ್ತಿಲ್ಲ ತಂಗಿ," ಎಂದರು. "ಒಳಗ ದೇವರ ಜಗಲಿ ಅದ. ಅಲ್ಲಿಗಿ ಹೋದ ದಿನ ನೀರ್ ಹಾಕ್ಕೊಂಡೇ ಒಳಗ ಬರಬೇಕು."

ಜಾತಿ ಇಲ್ಲವೆಂದ ಶರಣರ ಕಲ್ಯಾಣ ಇಲ್ಲೇ ಹತ್ತಿರ. ಮಂಡ್ಯದ ನನಗೆ ಸರ್ಕಾರಿ ದಾದಿಯ ಕೆಲಸ ಇಲ್ಲಿ ಸಿಕ್ಕಾಗ ಅದನ್ನೇ ನೆನೆದು ಹಿಗ್ಗಿದ್ದೆ.

ನಮ್ಮಲ್ಲಿ ನಾಲೆಯ ನೀರು. ಇಲ್ಲಿ ನನ್ನ ಪಾಲಿಗೆ ದಿನಕ್ಕೆ ಎರಡು ಕೊಡ. ನಮ್ಮಲ್ಲಿ ಮುದ್ದೆ, ಇಲ್ಲಿ ಜೋಳದ ರೊಟ್ಟಿ. ಆಗಸ್ಟ್ ಮುಗಿಯುವಾಗ ಹನ್ನೊಂದು ರೊಟ್ಟಿ ಬಡಿದರೆ ಮೂರು ಹರಿಯದೆ ಬರುತ್ತಿದ್ದವು. ನೋವಿಗೆ ಇಲ್ಲಿ ತಕಲೀಫು, ಆಸ್ಪತ್ರೆಗೆ ದವಾಖಾನಿ, ಮೈಯಲ್ಲಿನ ಗಂಟಿಗೆ ಗಾಂಠಿ. ನಾನು ಮಾತಾಡಿದರೆ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು: "ನರ್ಸಬಾಯಿ ರೇಡಿಯೋದಾಗಿನ ಮಾತು ಆಡ್ತಾಳ."

ಎರಡೇ ಕೊಡ ನೀರು. ಹಾಗಾಗಿ ಪ್ರತಿ ಮಂಗಳವಾರ ಮನೆಮನೆಗೆ ಹೋಗುವ ಸುತ್ತಿನ ಕ್ರಮವನ್ನು ಹೊಸದಾಗಿ ಬರೆದುಕೊಂಡೆ: ಮೊದಲು ಮೇಲಿನ ಓಣಿಗಳು, ಕಡೆಗೆ ಹರಿಜನರ ಓಣಿ. ಒಂದೇ ಸ್ನಾನ ಸಾಕು. ಮೇಲಿನವರೂ ಬಾಗಿಲು ಹಾಕುವುದಿಲ್ಲ. ಹೀಗೆ ಮಾಡೆಂದು ನನಗೆ ಯಾರೂ ಹೇಳಿರಲಿಲ್ಲ.

ಸೆಪ್ಟೆಂಬರ್ ೧೪ರ ಬೆಳಿಗ್ಗೆ ಕಿರಾಣಿ ಅಂಗಡಿಯ ಶರಣಮ್ಮನವರ ಮೊಮ್ಮಗನನ್ನು ತೂಗುತ್ತಿದ್ದೆ. ಅವರು ನನ್ನ ಕೈ ಹಿಡಿದು ಸೆರಗಿನೊಳಗೆ ಇಟ್ಟುಕೊಂಡರು. ಎಡ ಮೊಲೆಯಲ್ಲಿ ಹುಣಸೆ ಬೀಜದಷ್ಟು ಗಂಟು. ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟೆ. ಒಂಬತ್ತನೆಯ ದಿನ ಮಗ ಅವರನ್ನು ಹುಮನಾಬಾದಿನಿಂದ ಬಸ್ಸು ಹತ್ತಿಸಿ ಸೊಲ್ಲಾಪುರಕ್ಕೆ ಕರೆದೊಯ್ದ. ಮೊಲೆ ತೆಗೆದರು. ದೀಪಾವಳಿಗೆ ಶರಣಮ್ಮ ಮನೆಯಲ್ಲಿದ್ದರು.

ಅದೇ ಸೆಪ್ಟೆಂಬರ್ ೧೪ರ ಸಂಜೆ, ಹರಿಜನರ ಓಣಿಯಲ್ಲಿ, ಕಳೆ ಕಿತ್ತು ಬಂದ ಕೂಲಿಯ ತುಳಜಮ್ಮ ಹುಲ್ಲಿನ ಹೊರೆ ಇಳಿಸಿ ಹೇಳಿದಳು, "ನನಗೂ ಇಲ್ಲೊಂದು ಗಾಂಠಿ ಆಗ್ಯಾದ್ರಿ ಬಾಯಿ. ನೋಡ್ರಿ."

ಬೆಳಕು ಹೋಗಿತ್ತು. ದಣಿದಿದ್ದೆ. "ಮುಂದಿನ ವಾರ ನೋಡ್ತೀನಿ" ಎಂದು ಸುತ್ತಿನ ಪುಸ್ತಕದಲ್ಲಿ ಬರೆದುಕೊಂಡೆ. ಮುಂದಿನ ವಾರ ಮೇಲಿನ ಓಣಿಗಳಲ್ಲೇ ಹೊತ್ತು ಮುಳುಗಿತು. ಅದರ ಮುಂದಿನ ವಾರಗಳೂ ಹಾಗೇ.

ನವೆಂಬರ್ ೨೩ರಂದು ಹೋದಾಗ ಅವಳು ನಕ್ಕಳು. "ನಮ್ಮ ಓಣಿ ನಿಮ್ಮ ಬುಕ್ಕಿನಾಗ ಕಡೀ ಹಾಳಿ ಏನ್ರಿ? ಅಲ್ಲೀತನ ನೀವು ಓದಾದೇ ಇಲ್ಲ."

ಅವತ್ತು ಮುಟ್ಟಿದೆ. ಕಲ್ಲಿನಂಥ ಗಂಟು. ಚರ್ಮ ಒಳಕ್ಕೆ ಎಳೆದಿತ್ತು, ಕಂಕುಳಲ್ಲೂ ಗಂಟುಗಳಿದ್ದವು.

ಮರುದಿನವೇ ಹುಮನಾಬಾದಿಗೆ ಕರೆದೊಯ್ದೆ. ಅಲ್ಲಿನ ಡಾಕ್ಟರು ಮೇಜಿನ ಆಚೆ ನಿಂತೇ ನೋಡಿ ಮುಲಾಮು ಬರೆದರು.

"ನೀವು ಮುಟ್ಟಿ ನೋಡಲಿಲ್ಲ ಸಾರ್," ಎಂದೆ.

"ನೀವು ಮುಟ್ಟೀರಲ್ಲ? ಯಾವಾಗ ಮುಟ್ಟಿದ್ರಿ?"

ನಾನು ಮುಲಾಮಿನ ಚೀಟಿ ಮಡಚಿ, ಅವಳನ್ನು ಸೊಲ್ಲಾಪುರದ ಬಸ್ಸು ಹತ್ತಿಸಿದೆ. ಸೊಲ್ಲಾಪುರದವರು ಮುಟ್ಟಿ ನೋಡಿದರು. ಕೊಯ್ಯುವ ಹಂತ ದಾಟಿದೆ ಎಂದರು.

ತಿರುಗಿ ಬಂದ ಮೇಲೆ ಒಂದು ಭಾನುವಾರ ಪುಸ್ತಕ ಎದುರಿಟ್ಟುಕೊಂಡು ಕೂತೆ. ಅಲ್ಲಿಯವರೆಗೆ ಇಪ್ಪತ್ನಾಲ್ಕು ಸುತ್ತು. ಮೇಲಿನ ಓಣಿಗಳಿಗೆ ಇಪ್ಪತ್ನಾಲ್ಕು ಸಲ ಹೋಗಿದ್ದೆ, ಹರಿಜನರ ಓಣಿಗೆ ಏಳು ಸಲ. ಇಬ್ಬರೂ ಹೇಳಿದ್ದು ಒಂದೇ ದಿನ. ಶರಣಮ್ಮ ಒಂಬತ್ತು ದಿನದಲ್ಲಿ ಸೊಲ್ಲಾಪುರಕ್ಕೆ ಹೊರಟಿದ್ದರು. ತುಳಜಮ್ಮನನ್ನು ನಾನು ಮುಟ್ಟಿ ನೋಡಲು ಹತ್ತು ವಾರ ಹಿಡಿದಿತ್ತು. ಅಕ್ಷರ ಎಲ್ಲ ನನ್ನದೇ, ದುಂಡಗೆ, ಎಲ್ಲೂ ಚಿತ್ತಿಲ್ಲ.

ಡಿಸೆಂಬರಿನಿಂದ ಹರಿಜನರ ಓಣಿಗೇ ಮೊದಲು ಹೋಗತೊಡಗಿದೆ. ಗುರಮ್ಮ ಕೋಣೆ ಬಿಡಿಸಿದರು. ಶಾಲೆಯ ಹಿಂದೆ ಒಂದು ತಗಡಿನ ಕೋಣೆ ಸಿಕ್ಕಿತು. ಶರಣಮ್ಮ ಹೊಸ್ತಿಲಲ್ಲಿ ನಿಂತು, ಬರಿದಾದ ಎಡಭಾಗದ ಮೇಲೆ ಸೆರಗು ಸರಿಪಡಿಸಿಕೊಳ್ಳುತ್ತ ಹೇಳಿದರು, "ಅಲ್ಲಿಂದ ಬಂದಿ ಅಂದ್ರ ಕಟ್ಟಿಮ್ಯಾಗೇ ಕೂಡು ತಂಗಿ. ಸಿಟ್ಟಾಗಬ್ಯಾಡ." ಅವರ ಮೊಮ್ಮಗನನ್ನು ಕಟ್ಟೆಯ ಮೇಲೇ ತೂಗಿದೆ.

ಫೆಬ್ರುವರಿ ೮, ಮಂಗಳವಾರ. ನಾನು ಹೋದ ಮೊದಲ ಮನೆ ತುಳಜಮ್ಮನದು. ಅಷ್ಟರಲ್ಲಿ ಅವಳು ತೀರಿಕೊಂಡಿದ್ದಳು.

ಯುಗಾದಿಗೆ ಊರಿಗೆ ಹೋದಾಗ ಅವ್ವನಿಗೆ ಎಲ್ಲ ಹೇಳಿದೆ. "ಅಂಥ ಊರಲ್ಲಿ ಹೆಂಗಿದ್ದೀಯೆ ಮಗಾ? ವರ್ಗ ಮಾಡಿಸ್ಕೊಂಡು ಬಂದ್‌ಬುಡು," ಎಂದಳು.

"ನಮ್ಮೂರ ನರ್ಸಮ್ಮ ಹರಿಜನರ ಕೇರಿಗೆ ಯಾವಾಗ ಹೋಯ್ತಾರವ್ವ?"

"ಎಲ್ಲಾ ಮುಗಿಸ್ಕಂಡು ಹೋಯ್ತಾರೆ. ಇನ್ಯಾವಾಗ?" ಅವ್ವ ಅಕ್ಕಿಯ ಕಲ್ಲು ಆರಿಸುತ್ತಲೇ ಇದ್ದಳು. ಆ ಮೊರದ ಅಕ್ಕಿಯ ಅನ್ನವನ್ನೇ ಉಂಡೆ. ಒಂಬತ್ತು ತಿಂಗಳ ಮೇಲೆ ಉಂಡ ಮನೆಯ ಅನ್ನ ಅದು.

ಮರಳಿ ಬಂದ ವಾರ ತುಳಜಮ್ಮನ ಮಗಳು ಕಾಶಿಬಾಯಿ ಬಾಗಿಲು ಮುಂದೆ ಮಾಡಿ, ಕುಪ್ಪಸ ಬಿಚ್ಚಿ ಕೂತಳು. "ನಮ್ಮವ್ವಗ ಆದಂಗ ನನಗೇನರ ಆಗ್ಯಾದೇನು, ನೋಡ್ರಿ." ಎರಡೂ ಕಡೆ ನೋಡಿದೆ. ಏನೂ ಇರಲಿಲ್ಲ.

ಕುಪ್ಪಸ ಹಾಕಿಕೊಳ್ಳುತ್ತ ಕೇಳಿದಳು, "ನೀವು ಹೋದ ಮ್ಯಾಲ ಬರೋ ನರ್ಸಬಾಯಿ ಮತ್ತ ಕಡೀಕೇ ಬರ್ತಾಳೇನ್ರಿ?"

ವರ್ಗಾವಣೆಯ ಅರ್ಜಿ ಬರೆದಿಟ್ಟು ಇಂದಿಗೆ ಹದಿನೆಂಟು ದಿನವಾಯಿತು. ಕಳಿಸಿಲ್ಲ. ಹರಿದೂ ಹಾಕಿಲ್ಲ.